ಫ್ರಿಜ್ಜಿನ ಬಾಗಿಲಲ್ಲಿರುವ ನೆಂಟ

ನಮ್ಮ ಮನೆ ಫ್ರಿಜ್ಜಿನ ಬಾಗಿಲಲ್ಲಿ, ನಿಂಬೆಹಣ್ಣಿನ ಪಕ್ಕ, ಅಮ್ಮನ ಇನ್ಸುಲಿನ್ ಬಾಟಲಿ ಇರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಊಟಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ತೆಗೆದು, ಎರಡು ಅಂಗೈ ನಡುವೆ ಇಟ್ಟು, ಕಡಗೋಲು ತಿರುಗಿಸಿದ ಹಾಗೆ ಮೆಲ್ಲಗೆ ಉರುಳಿಸುತ್ತಾಳೆ. ತಳದಲ್ಲಿ ಕೂತಿದ್ದ ಬಿಳಿ ಗಸಿ ಎದ್ದು ಬಾಟಲಿಯೆಲ್ಲ ಹಾಲಿನ ಬಣ್ಣವಾಗುತ್ತದೆ. ಆರು ವರ್ಷದಿಂದ ಇದೇ ಕ್ರಮ. ಮೊನ್ನೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಮೊದಲ ಸಲ ಅದರ ಲೇಬಲ್ ಓದಿದಳು.

"ಹ್ಯೂಮನ್ ಅಂತ ಬರೆದಿದೆಯಲ್ಲೋ. ಯಾವ ಮನುಷ್ಯರದ್ದು ಇದು?"

ಯಾರದ್ದೂ ಅಲ್ಲಮ್ಮ, ಈಸ್ಟ್ ಮಾಡಿದ್ದು ಅಂದೆ. ಬ್ರೆಡ್ಡಿಗೆ ಹಾಕ್ತಾರಲ್ಲ, ಆ ಪೈಕಿಯದ್ದು.

"ಬ್ರೆಡ್ಡಿನ ಈಸ್ಟಿಗೆ ಮನುಷ್ಯರ ಇನ್ಸುಲಿನ್ ಮಾಡೋಕೆ ಹೇಗೆ ಬರತ್ತೆ?"

ಪಿಯುಸಿಯಲ್ಲಿ ಬಯಾಲಜಿ ಓದಿದವನು ನಾನು. ಪರೀಕ್ಷೆಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಅಜ್ಜನಿಗೂ ಸಕ್ಕರೆ ಕಾಯಿಲೆ ಇತ್ತು. ಅವರ ಕಾಲದಲ್ಲಿ ಇನ್ಸುಲಿನ್ ಬರುತ್ತಿದ್ದದ್ದು ಕಸಾಯಿಖಾನೆಯಿಂದ. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುತ್ತಿದ್ದರು. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ ಅಜ್ಜ. ಆಮೇಲೆ ಕೇಳಿದಳು, "ಅಪ್ಪನಿಗೆ ಇದು ಗೊತ್ತಿತ್ತಾ?" ನನಗೇನು ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರೇನೋ.

ಆದರೆ ದನದ ಇನ್ಸುಲಿನ್ ಅಜ್ಜನ ಮೈಯಲ್ಲಿ ಕೆಲಸ ಮಾಡಿತು ಅನ್ನುವುದನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ ನೋಡಿ. ಯಾಕೆ ಮಾಡಬೇಕಿತ್ತು? ಬೇರೆ ಕಂಪನಿಯ ಚಾರ್ಜರ್ರೇ ನಮ್ಮ ಫೋನಿಗೆ ಆಗುವುದಿಲ್ಲ ಎಷ್ಟೋ ಸಲ. ಇನ್ಸುಲಿನ್ ಒಂದು ಪ್ರೋಟೀನು. ಪ್ರೋಟೀನು ಕಟ್ಟುವ ಸಣ್ಣ ಅಣುಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ, ಅಂಥ 51 ಅಣುಗಳನ್ನು ಎರಡು ಎಳೆಯಾಗಿ ಪೋಣಿಸಿದ ಸರ ಇದು. ಒಂದರಲ್ಲಿ 21 ಮಣಿ, ಇನ್ನೊಂದರಲ್ಲಿ 30. ದನದ ಇನ್ಸುಲಿನ್ ಹಿಡಿದುಕೊಂಡು ಯಾವ ಮಣಿ ಎಲ್ಲಿದೆ ಅಂತ ಒಂದೊಂದಾಗಿ ಬಿಡಿಸಿದವರು ಫ್ರೆಡೆರಿಕ್ ಸ್ಯಾಂಗರ್. 1955ರ ಹೊತ್ತಿಗೆ ಅದು ಮುಗಿಯಿತು, 1958ರಲ್ಲಿ ನೊಬೆಲ್ ಬಂತು. ದನದ ಸರಕ್ಕೂ ನಮ್ಮ ಸರಕ್ಕೂ ಮೂರು ಮಣಿ ವ್ಯತ್ಯಾಸ. ಹಂದಿಯದ್ದಾದರೆ ಒಂದೇ ಒಂದು. 30 ಮಣಿಯ ಎಳೆಯ ತುದಿಯಲ್ಲಿ ನಮಗೆ ಥ್ರಿಯೊನಿನ್ ಇದ್ದರೆ ಹಂದಿಗೆ ಅಲನಿನ್ ಇದೆ. ಅಷ್ಟೇ.

ಇಲ್ಲಿ ನನ್ನದೊಂದು ತಕರಾರಿದೆ. ಸೂರ್ಯೋದಯದ ಫೋಟೋ ಹಾಕಿ "ಎಲ್ಲ ಜೀವಿಗಳೂ ಒಂದೇ ವಸ್ತುವಿನಿಂದ ಆದವು, ಆದ್ದರಿಂದ ನಾವೆಲ್ಲ ಒಂದೇ" ಅಂತ ಫ್ಯಾಮಿಲಿ ಗ್ರೂಪಿಗೆ ಕಳಿಸುತ್ತಾರಲ್ಲ, ಅವರ ಮೇಲೆ. ಮಾತು ಸರಿ, ಕೊಟ್ಟ ಕಾರಣ ತಪ್ಪು. ಒಂದೇ ವಸ್ತು ಅಂದ ಮಾತ್ರಕ್ಕೆ ಸಂಬಂಧ ಹುಟ್ಟುವುದಿಲ್ಲ.

ಅಮೈನೋ ಆಮ್ಲಗಳು ಆಕಾಶದಿಂದ ಪುಕ್ಕಟೆ ಬೀಳುತ್ತವೆ. ನಿಜವಾಗಿಯೂ. 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಅನ್ನುವ ಊರಿನ ಹತ್ತಿರ ಒಂದು ಉಲ್ಕಾಶಿಲೆ ಬಿತ್ತು. ಅದರಲ್ಲಿ 70ಕ್ಕೂ ಜಾಸ್ತಿ ಬಗೆಯ ಅಮೈನೋ ಆಮ್ಲಗಳು ಸಿಕ್ಕಿವೆ. 2023ರಲ್ಲಿ ನಾಸಾದ ನೌಕೆ ಬೆನ್ನು ಅನ್ನುವ ಕ್ಷುದ್ರಗ್ರಹದಿಂದ ಸುಮಾರು 120 ಗ್ರಾಂ ಪುಡಿ ತಂದು ಇಳಿಸಿತು. ನಮ್ಮ ಪ್ರೋಟೀನುಗಳಲ್ಲಿ ಇರುವ 20 ಅಮೈನೋ ಆಮ್ಲಗಳಲ್ಲಿ 14 ಆ ಪುಡಿಯಲ್ಲಿ ಇದ್ದವು. ಡಿಎನ್‌ಎ, ಆರ್‌ಎನ್‌ಎಗಳ ಐದು ಅಕ್ಷರಗಳೂ ಇದ್ದವು. ಅಲ್ಲಿ ಜೀವ ಇರಲಿಲ್ಲ, ಇಟ್ಟಿಗೆ ಮಾತ್ರ ಇತ್ತು.

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು, ಊರು ಆದ ಮೇಲೆ "ನಿಮ್ಮ ಮನೆದೇವರು ಯಾವುದು?" ಅಂತ ಕೇಳುತ್ತಾರೆ. ಇಬ್ಬರ ಮನೆಯಲ್ಲೂ ಅಕ್ಕಿ, ರಾಗಿ, ತೊಗರಿಬೇಳೆ ಇದೆ ಅಂತ ಯಾರೂ ನೆಂಟರಾಗುವುದಿಲ್ಲ. ಅದು ಸಂತೆಯಲ್ಲಿ ಎಲ್ಲರಿಗೂ ಸಿಗುತ್ತದೆ. ಆದರೆ ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಹೋಳಿಗೆ ಮಾಡುವ ಹಾಗಿಲ್ಲ, ಕಡುಬೇ ಆಗಬೇಕು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲೋ ಒಂದು ಮದುವೆಯಲ್ಲಿ ಪಕ್ಕದ ಎಲೆಯವರು "ನಮ್ಮಲ್ಲೂ ಹಾಗೇ" ಅಂದರೆ ಅಮ್ಮನ ಕಿವಿ ನೆಟ್ಟಗಾಗುತ್ತದೆ. ಕಾರಣವಿಲ್ಲದ ಪದ್ಧತಿ ಎರಡು ಮನೆಯಲ್ಲಿ ಇದೆ ಅಂದರೆ ಹಿಂದೆಲ್ಲೋ ಅದು ಒಂದೇ ಮನೆ ಆಗಿತ್ತು.

ಜೀವಕೋಶಗಳಲ್ಲಿ ಇಂಥ ಪದ್ಧತಿಗಳು ತುಂಬಾ ಇವೆ. ಅಮೈನೋ ಆಮ್ಲಗಳು ಎಡ, ಬಲ ಎರಡು ರೂಪದಲ್ಲಿ ಇರಬಹುದು, ಚಪ್ಪಲಿ ಜೋಡಿಯ ಹಾಗೆ. ಬೆನ್ನುವಿನ ಪುಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ ಇದ್ದವು. ಭೂಮಿಯ ಮೇಲೆ ಆನೆಯೇ ಇರಲಿ, ಅಣಬೆಯೇ ಇರಲಿ, ಪ್ರೋಟೀನು ಕಟ್ಟುವಾಗ ಎಡದ್ದು ಮಾತ್ರ. ದೇವಸ್ಥಾನದ ಹೊರಗೆ ಸಾವಿರ ಚಪ್ಪಲಿ ಬಿಟ್ಟಿದ್ದು, ಒಂದೂ ಬಲಗಾಲಿನದ್ದು ಇಲ್ಲದಿದ್ದರೆ ಹೇಗನ್ನಿಸುತ್ತೆ? ಹಾಗೆ.

ಆದರೆ ನನ್ನ ಪ್ರಕಾರ ದೊಡ್ಡ ಸಾಕ್ಷಿ ಓದುವ ಪದ್ಧತಿ. ಡಿಎನ್‌ಎ ಬರಹವನ್ನು ಆರ್‌ಎನ್‌ಎಗೆ ನಕಲು ಮಾಡಿ, ಮೂರು ಮೂರು ಅಕ್ಷರವಾಗಿ ಓದಿ, ಒಂದೊಂದಕ್ಕೆ ಒಂದು ಅಮೈನೋ ಆಮ್ಲ ಪೋಣಿಸುತ್ತಾರೆ. ಪೋಣಿಸುತ್ತಾರೆ ಅಂದೆನಲ್ಲ, ಅಲ್ಲಿ ಯಾರೂ ಇಲ್ಲ, ರೈಬೋಸೋಮ್ ಅನ್ನುವ ಯಂತ್ರ ಇದೆ. ಒಟ್ಟು 64 ಪದ. 61 ಪದಕ್ಕೆ ಅಮೈನೋ ಆಮ್ಲ, ಉಳಿದ ಮೂರಕ್ಕೆ "ಸಾಕು, ನಿಲ್ಲಿಸು" ಅಂತ ಅರ್ಥ. 1961ರಲ್ಲಿ ಅಮೆರಿಕದಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಅನ್ನುವ ವಿಜ್ಞಾನಿಗಳು ಬ್ಯಾಕ್ಟೀರಿಯಾದ ರಸಕ್ಕೆ ಯು ಅಕ್ಷರ ಮಾತ್ರ ಇರುವ ಆರ್‌ಎನ್‌ಎ ಹಾಕಿದರು. ಯು ಯು ಯು ಯು ಅಂತ ಉದ್ದಕ್ಕೆ. ಹೊರಬಂದದ್ದು ಫಿನೈಲಲನಿನ್ ಮಾತ್ರ ಇರುವ ಸರ. ನಿಘಂಟಿನ ಮೊದಲ ಪದ ಸಿಕ್ಕಿತು. ಆಮೇಲೆ ಪಂಜಾಬಿನ ಹಳ್ಳಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದ ಹರಗೋಬಿಂದ್ ಖೊರಾನಾ, ಬೇಕಾದ ಅಕ್ಷರಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ ಇನ್ನಷ್ಟು ಪದ ಬಿಡಿಸಿದರು. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ, ರಾಬರ್ಟ್ ಹಾಲಿ ಮೂವರಿಗೂ ಬಂತು.

ಯು ಯು ಯು ಅಂದರೆ ಫಿನೈಲಲನಿನ್ನೇ ಯಾಕೆ ಆಗಬೇಕು? ನಿಘಂಟಿನ ಜೋಡಣೆಯಲ್ಲಿ ಒಂದಿಷ್ಟು ಜಾಣತನ ಇದೆ, ಒಂದಕ್ಷರ ತಪ್ಪಿದರೆ ಅನಾಹುತ ಕಮ್ಮಿ ಆಗುವ ಹಾಗೆ. ಆದರೆ ಹೀಗೇ ಇರಬೇಕು ಅಂತ ಕಡ್ಡಾಯ ಇಲ್ಲ. ಹೇಗೆ ಗೊತ್ತು ಅಂದರೆ, ನಮ್ಮ ಮೈಯೊಳಗೇ ಎರಡು ನಿಘಂಟು ಇವೆ. ಯು ಜಿ ಎ ಅಂದರೆ ಮಾಮೂಲಿಯಾಗಿ "ನಿಲ್ಲಿಸು". ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಅನ್ನುವ ಭಾಗದಲ್ಲಿ ಮಾತ್ರ ಅದೇ ಪದಕ್ಕೆ "ಟ್ರಿಪ್ಟೊಫ್ಯಾನ್ ಪೋಣಿಸು" ಅಂತ ಅರ್ಥ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ಬೇರೆ ಥರ ಇರಬಹುದಿತ್ತು, ಕೆಲವು ಕಡೆ ಇದೆ ಕೂಡ. ಆದರೂ ಬ್ಯಾಕ್ಟೀರಿಯಾ, ಈಸ್ಟ್, ತೆಂಗು, ಅಮ್ಮ, ಎಲ್ಲರೂ ಓದುವುದು ಹೆಚ್ಚುಕಮ್ಮಿ ಒಂದೇ ನಿಘಂಟು ಇಟ್ಟುಕೊಂಡು. ಗೌರಿ ಹಬ್ಬದ ಕಡುಬು ಇದು.

ಆ ಹಳೇ ಮನೆಗೆ ವಿಜ್ಞಾನಿಗಳು ಲೂಕಾ ಅಂತ ಹೆಸರಿಟ್ಟಿದ್ದಾರೆ. ಈಗಿರುವ ಎಲ್ಲ ಜೀವಿಗಳ ಕೊನೆಯ ಸಾಮಾನ್ಯ ಪೂರ್ವಜ. 2024ರ ಒಂದು ಅಧ್ಯಯನದ ಅಂದಾಜು ಅದು ಸುಮಾರು 420 ಕೋಟಿ ವರ್ಷ ಹಿಂದಿನದು ಅನ್ನುತ್ತದೆ. ಅದೇ ಮೊದಲ ಜೀವಿ ಅಂತ ಅಲ್ಲ. ಅಕ್ಕಪಕ್ಕ ಬೇರೆಯವರೂ ಇದ್ದಿರಬಹುದು, ಅವರ ವಂಶ ಉಳಿಯಲಿಲ್ಲ.

ಈಗ ಅಮ್ಮನ ಪ್ರಶ್ನೆಗೆ ಉತ್ತರ ಸುಲಭ. 1978ರಲ್ಲಿ ಅಮೆರಿಕದಲ್ಲಿ ಮನುಷ್ಯರ ಇನ್ಸುಲಿನ್ನಿನ ಬರಹವನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟರು, ಅದು ಓದಿ ಮಾಡಿಕೊಟ್ಟಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಪಿಕಿಯಾ ಅನ್ನುವ ಈಸ್ಟ್‌ನಿಂದ ಮಾಡಿದ್ದನ್ನು ಮಾರುಕಟ್ಟೆಗೆ ತಂದಿತು. ಈಸ್ಟಿಗೆ ಒಗ್ಗುವ ಹಾಗೆ ಬರಹ ಸ್ವಲ್ಪ ತಿದ್ದುತ್ತಾರೆ, ಕೊನೆಗೆ ಕತ್ತರಿಸಿ ಸರಿಮಾಡುವ ಕೆಲಸವೂ ಇದೆ. ಆದರೆ ಈಸ್ಟಿಗೆ ಹೊಸ ನಿಘಂಟು ಕೊಡಬೇಕಾಗಿಲ್ಲ. ಅದರ ಹತ್ತಿರ ಮೊದಲೇ ಇದೆ. 2015ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಬ್ರೆಡ್ಡಿನ ಈಸ್ಟ್‌ನಲ್ಲಿ, ಇಲ್ಲದಿದ್ದರೆ ಅದು ಸತ್ತೇಹೋಗುವಂಥ 414 ಜೀನ್‌ಗಳನ್ನು ಆರಿಸಿಕೊಂಡು, ಒಂದೊಂದರ ಜಾಗಕ್ಕೆ ಮನುಷ್ಯರ ಜೀನ್ ಹಾಕಿ ನೋಡಿದರು. ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಈಸ್ಟ್ ಬದುಕಿಕೊಂಡಿತು. ಬಾಳೆಹಣ್ಣಿಗೂ ನಮಗೂ ಇಷ್ಟು ಪರ್ಸೆಂಟ್ ಡಿಎನ್‌ಎ ಒಂದೇ ಅಂತ ತಿರುಗಾಡುತ್ತಲ್ಲ, ಏನನ್ನು ಎಣಿಸಿದರು ಅಂತ ಹೇಳದ ಆ ಲೆಕ್ಕಕ್ಕಿಂತ ನನಗೆ ಇದು ಜಾಸ್ತಿ ಇಷ್ಟ.

ಇದೆಲ್ಲ ಇಷ್ಟು ಹತ್ತಿರ ಇದ್ದೂ, 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠ ತೆಗೆದದ್ದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಹೊರೆ ಕಮ್ಮಿ ಮಾಡಲು ಅಂದರು. ಹತ್ತನೆಯ ನಂತರ ಎಷ್ಟು ಮಕ್ಕಳು ಬಯಾಲಜಿ ತಗೋತಾರೆ? ಉಳಿದವರಿಗೆ ಇದನ್ನು ಯಾರು ಹೇಳಬೇಕು? ಫ್ಯಾಮಿಲಿ ಗ್ರೂಪಾ?

ಅಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಾಟಲಿ ಬೆಳಕಿಗೆ ಹಿಡಿದು ನೋಡಿದಳು.

"ಹಾಗಾದ್ರೆ ನನ್ನ ಮೈಗೆ ಗೊತ್ತಾಗಲ್ವಾ, ಬೇರೆಯವರು ಮಾಡಿದ್ದು ಅಂತ?"

51ಕ್ಕೆ 51 ಮಣಿಯೂ ನಿನ್ನದರ ಥರಾನೇ ಇದೆ ಅಂದೆ.

"ಸರಿ. ಚುಚ್ಚಿಕೋತೀನಿ. ನೀನು ಅಷ್ಟರಲ್ಲಿ ಹುಳಿ ಬಿಸಿಗಿಡು."