ಚೀಟಿ ಓದುವ ಬೆಂಕಿ

ಬೆಂಕಿಗೆ ಓದು ಬರಹ ಬರುತ್ತದೆ ಎಂಬುದು ನಮ್ಮ ಬಂದರಿನ ದೃಢ ನಂಬಿಕೆ. ಬೋಟಿನ ಇಂಜಿನ್ ರೂಮಿನಲ್ಲಿ ಡೀಸೆಲ್ ಪೈಪು ಒಡೆದು, ಕಾದ ಸೈಲೆನ್ಸರ್ ಮೇಲೆ ಚಿಮ್ಮಿ ಭಗ್ಗೆಂದಿತು ಎನ್ನಿ. ಆ ಬೆಂಕಿ ಮೊದಲು ಗೋಡೆಯಲ್ಲಿರುವ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಹತ್ತಿರ ಹೋಗಿ, ಅದರ ಹೊಟ್ಟೆಗಂಟಿಸಿದ ಚೀಟಿ ಓದಿ, ಮುಂದಿನ ತಪಾಸಣೆಗೆ ಇನ್ನೂ ಅವಧಿ ಉಂಟೆಂದು ಖಾತ್ರಿಯಾದ ಮೇಲೆ ಕೈಮುಗಿದು ವಾಪಸಾಗುತ್ತದೆ. ಇಲ್ಲದಿದ್ದರೆ ಸಿಲಿಂಡರನ್ನು ಹಾಗೇ ಬಿಟ್ಟು ಚೀಟಿಯನ್ನಷ್ಟೇ ವರ್ಷವರ್ಷ ಹೊಸದು ಮಾಡುವ ಪದ್ಧತಿಗೆ ಬೇರೆ ಏನು ಅರ್ಥ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಳೆ ಬಿಡುವು ಕೊಟ್ಟಾಗಲೆಲ್ಲ ಕಾರವಾರದ ನಮ್ಮ ಬೈತಖೋಲ ಬಂದರಿನಲ್ಲಿ ಬಣ್ಣ ಬಳಿಯುವ ಗಡಿಬಿಡಿ. ಬೋಟಿಗೆ ಬಳಿದು ಡಬ್ಬದ ತಳದಲ್ಲಿ ಉಳಿದದ್ದು ಸಿಲಿಂಡರಿಗೆ. ಹಿಡಿಕೆಗೂ ಬಣ್ಣ, ನಳಿಗೆಯ ಬಾಯಿಗೂ ಬಣ್ಣ, ಎಳೆಯಬೇಕಾದ ಪಿನ್ನಿಗೂ ಬಣ್ಣ. ಒಣಗಿದ ಮೇಲೆ ಆ ಪಿನ್ನು ಇಕ್ಕಳ ಹಾಕಿದರೂ ಜಪ್ಪಯ್ಯ ಎನ್ನುವುದಿಲ್ಲ. ಕಿತ್ತುಹೋದ ಸೀಲಿನ ಜಾಗದಲ್ಲಿ ಬಲೆಯ ನೈಲಾನ್ ದಾರ, ಅದಕ್ಕೆ ಮೂರು ಗಂಟು. ಅಲೆಗೆ ಪಿನ್ನು ಉದುರಬಾರದಲ್ಲ! ಆಯುಧಪೂಜೆಯ ದಿನವಂತೂ ಚೆಂಡುಹೂವಿನ ಮಾಲೆ, ಗೇಜಿನ ಗಾಜಿನ ಮಧ್ಯಕ್ಕೇ ಕುಂಕುಮ. ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಎಂಬುದು ಅಲ್ಲಿಂದ ಮುಂದೆ ದೇವರಿಗೆ ಬಿಟ್ಟದ್ದು.

ಹಾಗೆ ನೋಡಿದರೆ ಕುಂಕುಮ ಒರೆಸಿದರೂ ಮುಳ್ಳು ಹೇಳುವುದು ಅರ್ಧ ಸತ್ಯವೇ. ಪುಡಿ ತುಂಬಿದ ಸಿಲಿಂಡರಿನಲ್ಲಿ ಅದು ತೋರಿಸುವುದು ಗ್ಯಾಸಿನ ಒತ್ತಡ ಮಾತ್ರ. ಇಂಜಿನ್ನಿನ ದಡದಡಕ್ಕೆ ಪುಡಿ ತಳಕ್ಕೆ ಕೂತು ಗಟ್ಟಿಯಾಗಿದ್ದರೆ, ಹಿಡಿಕೆ ಅದುಮಿದಾಗ ಗ್ಯಾಸು ಬುಸ್ಸೆಂದು ಹೊರಟುಹೋಗುತ್ತದೆ, ಪುಡಿ ಇದ್ದಲ್ಲೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜೇ ಇಲ್ಲ. ತೂಗಿಯೇ ನೋಡಬೇಕು, ಗ್ಯಾಸಿನ ತೂಕ ಶೇ 10ಕ್ಕಿಂತ ಹೆಚ್ಚು ಇಳಿದಿದ್ದರೆ ಮತ್ತೆ ತುಂಬಿಸಬೇಕು. ಬಂದರಿನಲ್ಲಿ ತಕ್ಕಡಿಗೇನು ಬರವೇ? ಬಂಗಡೆ ತೂಗುತ್ತಾರೆ, ತಾರ್ಲೆ ತೂಗುತ್ತಾರೆ, ಸಿಗಡಿಗೆ ನೂರು ಗ್ರಾಂ ಕಮ್ಮಿಯಾದರೆ ಜಗಳ ಕಾಯುತ್ತಾರೆ. ತಕ್ಕಡಿ ಹತ್ತದ ಏಕೈಕ ವಸ್ತು ಈ ಸಿಲಿಂಡರು.

ಸರ್ವೀಸಿಗೆ ಬರುವಾತನ ಚೀಲದಲ್ಲೂ ತಕ್ಕಡಿ ಇರುವುದಿಲ್ಲ. ಒಂದು ಒರೆಸುವ ಬಟ್ಟೆ, ಒಂದು ಕಟ್ಟು ಚೀಟಿ. ಮೂರು ನಿಮಿಷಕ್ಕೊಂದು ಬೋಟು ಮುಗಿಸುತ್ತಾನೆ. ಪಾಪ, ಅವನದೂ ತಪ್ಪಿಲ್ಲ. ಕೇಳುವವರು ಚೀಟಿ ಕೇಳುತ್ತಾರೆ, ಅವನು ಚೀಟಿ ಕೊಡುತ್ತಾನೆ.

ಇನ್ನು ತಪಾಸಣೆಯ ದಿನ. ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಇದ್ದದ್ದರಲ್ಲಿ ಒಳ್ಳೆಯ ಸಿಲಿಂಡರು ಒಂದೇ ಒಂದು. ಸಾಹೇಬರು ಈ ಬೋಟಿನಲ್ಲಿ ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಅದು ಖಲಾಸಿಗಳ ಕೈಯಿಂದ ಕೈಗೆ ದಾಟಿ ಮುಂದಿನ ಬೋಟಿನ ಮೊಳೆಗೆ ನೇತುಬಿದ್ದಿರುತ್ತದೆ. ಪ್ರತಿ ಬೋಟಿನಲ್ಲೂ ಮೊಬೈಲಿನಲ್ಲಿ ಫೋಟೋ, ಫೋಟೋದ ಕೆಳಗೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ. ಪ್ರತಿ ಫೋಟೋದಲ್ಲೂ ಸಿಲಿಂಡರಿನ ಎಡಮಗ್ಗುಲಿಗೆ ಅದೇ ನಜ್ಜು. ಬೋಟಿನ ಹೆಸರು ಬೇರೆ, ಮಾಲೀಕರು ಬೇರೆ, ನಜ್ಜು ಮಾತ್ರ ಒಂದೇ. ಫೈಲು ಪಾಸು.

ಸಾಹೇಬರು ಕಟ್ಟುನಿಟ್ಟಾಗಿರುವ ವಿಷಯವೂ ಒಂದುಂಟು: ಜಾಗ. ಬೋಟು ನಡೆಸುವ ಒಬ್ಬ ತಾಂಡೇಲ ಬುದ್ಧಿವಂತಿಕೆ ಮಾಡಿ ಸಿಲಿಂಡರನ್ನು ಇಂಜಿನ್ ರೂಮಿನ ಹೊರಗೆ, ಬಾಗಿಲ ಪಕ್ಕ ಸಿಕ್ಕಿಸಿದ್ದ.

“ಇಂಜಿನ್ ರೂಮಿನ ಸಿಲಿಂಡರ್ ಇಂಜಿನ್ ರೂಮಿನೊಳಗೇ ಇರ್ಬೇಕು.”

“ಸಾಹೇಬ್ರೆ, ಬೆಂಕಿ ಬೀಳೂದೂ ಒಳಗೇ ಅಲ್ರಾ? ಆಗ ಇದ್ನ ತರೂಕೆ ಬೆಂಕಿ ದಾಟೇ ಹೋಗ್ಬೇಕಲ್ರಾ?”

“ಪಟ್ಟಿಯಲ್ಲಿ ಇಂಜಿನ್ ರೂಮ್ ಅಂತ ಉಂಟು.”

ಸಿಲಿಂಡರು ಒಳಗೆ ಹೋಯಿತು, ಇಂಜಿನ್ನಿನ ಹಿಂಬದಿಗೆ, ಕತ್ತಲೆಯಲ್ಲಿ. ಅಸಲಿಗೆ ಬಾಗಿಲು ತೆರೆದಷ್ಟೂ ಗಾಳಿ ನುಗ್ಗಿ ಬೆಂಕಿ ಜೋರಾಗುತ್ತದೆ. ಇಂಜಿನ್ ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ, ಗಾಳಿಯ ದಾರಿ ಮುಚ್ಚಿ, ಗೋಡೆಯಲ್ಲಿ ಮೊದಲೇ ಕೊರೆದಿಟ್ಟ ಸಣ್ಣ ತೂತಿನಿಂದ ನಳಿಗೆ ತೂರಿಸಿ ಬಿಡುವುದೇ ಸರಿಯಾದ ದಾರಿ. ಇಂಜಿನ್ ಓಡುತ್ತಲೇ ಇದ್ದರೆ ಬಿಟ್ಟ ಗ್ಯಾಸನ್ನು ಅದೇ ಎಳೆದುಕೊಂಡು ಹೊಗೆನಳಿಗೆಯಿಂದ ಆಚೆ ಕಳಿಸುತ್ತದೆ. ಆದರೆ ಪಟ್ಟಿಯಲ್ಲಿ ತೂತಿಗೆ ಕಾಲಮ್ಮಿಲ್ಲ.

“ಸುತ್ತ ಸಮುದ್ರವೇ ಇರುವಾಗ ಇದೆಲ್ಲ ಯಾಕೆ ಮಾರಾಯ್ರೆ” ಎನ್ನುವ ಮಾಲೀಕರೂ ಇದ್ದಾರೆ. ಉರಿಯುವ ಡೀಸೆಲ್ಲಿಗೆ ಬಕೆಟ್ ನೀರು ಸುರಿದರೆ ಡೀಸೆಲ್ಲು ನೀರಿನ ಮೇಲೆ ತೇಲಿ, ಬೆಂಕಿಯ ಸಮೇತ ಬೋಟಿನ ತಳವೆಲ್ಲ ಹರಡುತ್ತದೆ. ಅರಬ್ಬೀ ಸಮುದ್ರ ಇಡೀ ಇದ್ದರೂ ಅಷ್ಟೆ.

ಏಪ್ರಿಲ್ 14 ಬಂದರೆ ಮಾತ್ರ ನಮಗೆಲ್ಲ ಬೆಂಕಿಯ ನೆನಪು. 1944ರಲ್ಲಿ ಅದೇ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಬಿದ್ದು, ಸ್ಫೋಟಗೊಂಡು, ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಜೀವ ಬಿಟ್ಟರು. ಹಡಗಿನ ಬೆಂಕಿಯ ನೆನಪಿನ ದಿನವನ್ನು ನಾವು ಆಚರಿಸುವುದು ಬಯಲಿನಲ್ಲಿ, ಶಾಮಿಯಾನ ಹಾಕಿ. ಬೋಟಿನವರು ಬರುವುದಿಲ್ಲ, ಏಪ್ರಿಲ್ ಎಂದರೆ ಅವರು ಕಡಲಿನಲ್ಲಿರುವ ಕಾಲ. ತಗಡಿನ ತಟ್ಟೆಯಲ್ಲಿ ಒಂದಿಷ್ಟು ಡೀಸೆಲ್ ಸುರಿದು ಕಡ್ಡಿ ಗೀರುತ್ತಾರೆ. ಸಾಹೇಬರು ಗಾಳಿಗೆ ಬೆನ್ನು ಕೊಟ್ಟು ಹೊಚ್ಚಹೊಸ ಸಿಲಿಂಡರಿನ ಹಿಡಿಕೆ ಅದುಮುತ್ತಾರೆ. ಬೆಂಕಿ ಆರುತ್ತದೆ, ಚಪ್ಪಾಳೆ, ಫೋಟೋ, ಅವಲಕ್ಕಿ, ಚಾ.

ಪುಡಿಯ ಸಿಲಿಂಡರನ್ನು ಒಮ್ಮೆ ಒತ್ತಿದರೆ ವಾಲ್ವಿನ ಬಾಯಲ್ಲಿ ಪುಡಿ ಸಿಕ್ಕಿಕೊಂಡು, ಉಳಿದ ಗ್ಯಾಸೆಲ್ಲ ಮೆಲ್ಲಗೆ ಸೋರಿಹೋಗುತ್ತದೆ. ಒಂದೇ ಸೆಕೆಂಡು ಒತ್ತಿದ್ದರೂ ಬಿಚ್ಚಿ, ಶುಚಿಮಾಡಿ ಮತ್ತೆ ತುಂಬಿಸಲೇಬೇಕು. ಶಾಮಿಯಾನ ಬಿಚ್ಚುವಷ್ಟರಲ್ಲಿ ಸರ್ವೀಸಿನವನು ಆ ಸಿಲಿಂಡರನ್ನು ಒರೆಸಿ, ಮುಂದಿನ ಏಪ್ರಿಲ್‌ವರೆಗಿನ ಚೀಟಿ ಅಂಟಿಸಿ, ಕಡಲಿನಿಂದ ಆಗಷ್ಟೇ ಬಂದ ತಾಂಡೇಲನ ಕೈಗಿಟ್ಟ.

“ತಕೊಳ್ಳಿ, ಸ್ವತಃ ಸಾಹೇಬ್ರೇ ಒತ್ತಿ ನೋಡಿದ ಮಾಲು. ಫುಲ್ ಗ್ಯಾರಂಟಿ.”