ಚಿಪ್‌ಸೆಟ್ ಒಂದನ್ನೇ ನೋಡಿ ಬೋರ್ಡ್ ತಗೋಬೇಡಿ

ಗೇಮಿಂಗ್ ಪಿಸಿಗೆ ಮದರ್‌ಬೋರ್ಡ್ ಆರಿಸೋಕೆ ಚಿಪ್‌ಸೆಟ್ (ಬೋರ್ಡಿನ ಪೋರ್ಟು, ಸ್ಲಾಟುಗಳನ್ನ ನಿಭಾಯಿಸೋ ಚಿಪ್) ನೋಡಿದರೆ ಸಾಕು ಅನ್ನೋದನ್ನ ಒಪ್ಪೋದು ಕಷ್ಟ. ಎಎಂಡಿ ಪ್ರೊಸೆಸರ್‌ಗೆ ಮಧ್ಯಮ ದರ್ಜೆಯ ಬಿ650 ಚಿಪ್‌ಸೆಟ್ ಧಾರಾಳ ಸಾಕು. ನೋಡಬೇಕಾದ್ದು ಪ್ರೊಸೆಸರ್‌ಗೆ ಕರೆಂಟ್ ಕೊಡೋ ವಿಆರ್‌ಎಂ. ಅದರ ಮೇಲೆ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಇಲ್ಲದ ಬೋರ್ಡಿಗೆ 12–16 ಕೋರ್ ಪ್ರೊಸೆಸರ್ ಹಾಕಿದರೆ, ವಿಆರ್‌ಎಂ ಕಾದು ಪ್ರೊಸೆಸರ್ ವೇಗ ತಾನಾಗೇ ಇಳಿಯಬಹುದು.

ಬಿ650 ಮೇಲೆ ಎಎಂಡಿಯ ರೈಜನ್ 9000 ಪ್ರೊಸೆಸರ್ ಹಾಕೋರು ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋದನ್ನೇ ತಗೊಳ್ಳಿ. ಬಯಾಸ್ (ಪಿಸಿ ಶುರು ಮಾಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೇದಿದ್ದರೆ ಈ ಪ್ರೊಸೆಸರನ್ನ ಗುರುತಿಸದೆ ಡಿಸ್‌ಪ್ಲೇನೇ ಬರಲ್ಲ. ಈ ಬಟನ್ ಇದ್ದರೆ ಪ್ರೊಸೆಸರ್ ಕೂರಿಸದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು. ನಾಲ್ಕು ಸ್ಲಾಟಿನ ಬೋರ್ಡಲ್ಲಿ ಎರಡೇ ರ‍್ಯಾಮ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. ಇನ್ನೊಂದು ಮಾತು: ಡಿಡಿಆರ್5 ರ‍್ಯಾಮ್ ಹಾಕಿ ಪಿಸಿ ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ (ರ‍್ಯಾಮ್‌ಗೆ ಸರಿಹೊಂದೋ ಸೆಟ್ಟಿಂಗ್ ಪಿಸಿ ತಾನೇ ಹುಡುಕೋದು) ಮುಗಿಯೋವರೆಗೆ, ಕೆಲವು ನಿಮಿಷ ಪರದೆ ಕಪ್ಪಾಗೇ ಇರುತ್ತೆ. ಗಾಬರಿಯಾಗಿ ಪವರ್ ತೆಗೀಬೇಡಿ.