ನೀರಜ್ ಜಾವೆಲಿನ್ ಕುರಿತ ಸಂದೇಶ: ಒಂದು ಸ್ಪಷ್ಟನೆ

ಬಳ್ಳಾರಿಯ ನಮ್ಮ ಕ್ರೀಡಾ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ವಿಡಿಯೊ ಮತ್ತೆ ಹರಿದಾಡುತ್ತಿದೆ. ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಅವರು ನೀರಜ್ ಚೋಪ್ರಾ ಅವರ ಜಾವೆಲಿನ್ ಅನ್ನು ಕೆಡಿಸಲು ಎತ್ತಿಕೊಂಡಿದ್ದರು ಎಂಬುದು ಅದರ ಒಕ್ಕಣೆ. ಮೊನ್ನೆ ನಾನೂ ಪರಿಶೀಲಿಸದೆ ಅದನ್ನು ಕಳುಹಿಸಿದ್ದೆ. ಅದು ತಪ್ಪು, ಕ್ಷಮೆ ಇರಲಿ.

ನಡೆದದ್ದು ಇಷ್ಟು. ಸ್ಪರ್ಧೆಗೆ ಒಪ್ಪಿಸಿದ ಜಾವೆಲಿನ್‌ಗಳನ್ನು ಯಾವ ಸ್ಪರ್ಧಿಯಾದರೂ ಬಳಸಬಹುದು, ನಿಯಮವೇ ಹಾಗಿದೆ. ನದೀಮ್ ನೀರಜ್ ಅವರ ಜಾವೆಲಿನ್ ಹಿಡಿದು ಸಿದ್ಧತೆ ನಡೆಸುತ್ತಿದ್ದರು, ನೀರಜ್ ಕೇಳಿದೊಡನೆ ಕೊಟ್ಟರು. ಇದನ್ನು ಹೇಳಿದವರು ಸ್ವತಃ ನೀರಜ್. 2021ರ ಆಗಸ್ಟ್ 26ರಂದು ವಿಡಿಯೊ ಹಾಕಿ, ತಮ್ಮ ಮಾತನ್ನು ಸ್ವಾರ್ಥಕ್ಕೆ, ಅಪಪ್ರಚಾರಕ್ಕೆ ಬಳಸಬೇಡಿ ಎಂದು ಅವರು ಬೇಡಿಕೊಂಡಿದ್ದರು. 87.58 ಮೀಟರ್ ಎಸೆದು ಚಿನ್ನ ಗೆದ್ದವರಿಗೇ ಇಲ್ಲದ ದೂರು ನಮಗೇಕೆ?

2024ರ ಪ್ಯಾರಿಸ್‌ನಲ್ಲಿ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್‌ಗೆ ಬೆಳ್ಳಿ ಬಂತು. ಚಿನ್ನ ಗೆದ್ದವನೂ ನಮ್ಮ ಮಗನೇ ಎಂದರು ನೀರಜ್ ತಾಯಿ ಸರೋಜ್ ದೇವಿ. ಆ ಮಾತು ಕೇಳಿದ ದಿನ ನನ್ನ ಕಣ್ಣು ತುಂಬಿತ್ತು.

ನೀರಜ್ ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಬಳಿ ತರಬೇತಿ ಪಡೆದವರು. ಇಲ್ಲಿನ ಮೈದಾನಗಳಲ್ಲಿ ಅವರಂತಾಗಬೇಕೆಂದು ಓಡುವ ಮಕ್ಕಳ ಮೊಬೈಲ್‌ಗೂ ಈ ಸಂದೇಶ ತಲುಪುತ್ತಿದೆ. ದಯವಿಟ್ಟು ಇದನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಳಿಸಿ, ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿ.